ರಿಮೋಟ್ ಚಾಲಿತ ಸೀಲಿಂಗ್ ಫ್ಯಾನ್: ಸುರಕ್ಷಿತ ಅಳವಡಿಕೆ ಮತ್ತು ಸದಸ್ಯರ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ)

ಪಾಠದ ಉದ್ದೇಶ

ಗ್ರಾಮ ಪಂಚಾಯಿತಿ ಕಚೇರಿ, ಅಂಗನವಾಡಿ ಕೇಂದ್ರ, ಅರಿವು ಕೇಂದ್ರ, ಸಮುದಾಯ ಭವನ ಮೊದಲಾದ ಕಟ್ಟಡಗಳಲ್ಲಿ ಹಳೆಯ ಸೀಲಿಂಗ್ ಫ್ಯಾನುಗಳನ್ನು ತೆಗೆದು, ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ರಿಮೋಟ್ ಚಾಲಿತ ಫ್ಯಾನುಗಳನ್ನು ಹಾಕುವುದು ಈಚೆಗೆ ಹೆಚ್ಚುತ್ತಿದೆ. ಫ್ಯಾನನ್ನು ಜೋಡಿಸುವುದು ಸದಸ್ಯರ ಕೆಲಸವಲ್ಲ. ಆದರೆ ಖರೀದಿಗೆ ಒಪ್ಪಿಗೆ ಕೊಡುವುದು, ಕಾಮಗಾರಿಯನ್ನು ನೋಡುವುದು, ಬಿಲ್ಲಿನ ಪಾವತಿಗೆ ಸಭೆಯಲ್ಲಿ ಅನುಮೋದನೆ ನೀಡುವುದು ಅವರ ಕೆಲಸ. ಮಕ್ಕಳ ತಲೆಯ ಮೇಲೆ ತಿರುಗುವ ಯಂತ್ರವೊಂದು ಭದ್ರವಾಗಿದೆಯೇ ಎಂದು ತಿಳಿಯಲು ಏನನ್ನು ಕೇಳಬೇಕು, ಏನನ್ನು ಕಣ್ಣಾರೆ ನೋಡಬೇಕು ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

1. ಒಂದು ಸನ್ನಿವೇಶ

ಒಂದು ಅಂಗನವಾಡಿ ಕೇಂದ್ರವನ್ನು ಕಲ್ಪಿಸಿಕೊಳ್ಳಬಹುದು. ಹೊಸ ಫ್ಯಾನು ಬಂದು ಮೂರು ತಿಂಗಳಾಗಿದೆ. ರೆಕ್ಕೆಗಳ ಮೇಲೆ ಧೂಳು ಕೂತಿದೆ. ಸಹಾಯಕಿಯವರು ರಿಮೋಟ್ ಒತ್ತಿ ಫ್ಯಾನನ್ನು ನಿಲ್ಲಿಸಿ, ಸ್ಟೂಲಿನ ಮೇಲೆ ಹತ್ತಿ ಒದ್ದೆ ಬಟ್ಟೆಯಿಂದ ಒರೆಸತೊಡಗುತ್ತಾರೆ. ಗೋಡೆಯ ಸ್ವಿಚ್ಚನ್ನು ಆರಿಸಿಲ್ಲ. ಫ್ಯಾನು ನಿಂತಿರುವಾಗ ಅದರ ಅಗತ್ಯವಿಲ್ಲವೆಂದು ಅವರ ಭಾವನೆ. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಆಡುತ್ತಿದ್ದ ಮಗುವೊಂದರ ಕೈಗೆ ರಿಮೋಟ್ ಸಿಗುತ್ತದೆ. ಗುಂಡಿ ಒತ್ತಿದೊಡನೆ ಫ್ಯಾನು ತಿರುಗುತ್ತದೆ.

ಇಲ್ಲಿ ಯಂತ್ರದಲ್ಲಿ ದೋಷವಿಲ್ಲ. ತಪ್ಪಿರುವುದು ತಿಳಿವಳಿಕೆಯಲ್ಲಿ. ರಿಮೋಟ್‌ನಿಂದ ಫ್ಯಾನನ್ನು ನಿಲ್ಲಿಸುವುದೂ ಅದರ ವಿದ್ಯುತ್ ಸಂಪರ್ಕವನ್ನು ಕಡಿಯುವುದೂ ಒಂದೇ ಅಲ್ಲ. ಈ ಪಾಠದಲ್ಲಿ ಸದಸ್ಯರು ನೆನಪಿಡಬೇಕಾದ ಮಾತು ಒಂದೇ ಎಂದಾದರೆ ಅದು ಇದೇ.

2. ಈ ಫ್ಯಾನು ಕೆಲಸ ಮಾಡುವ ಬಗೆ

ಹಳೆಯ ಸಾಮಾನ್ಯ ಫ್ಯಾನು ಮನೆಗೆ ಬರುವ 230 ವೋಲ್ಟ್ ವಿದ್ಯುತ್ತಿನಿಂದ ನೇರವಾಗಿ ನಡೆಯುತ್ತದೆ. ಪೂರ್ಣ ವೇಗದಲ್ಲಿ ಅದು ಸುಮಾರು 70ರಿಂದ 80 ವ್ಯಾಟ್ ಬಳಸುತ್ತದೆ. ಬಿ.ಎಲ್.ಡಿ.ಸಿ. ಎಂಬ ಹೊಸ ಬಗೆಯ ಫ್ಯಾನಿನಲ್ಲಿ ಒಂದು ಎಲೆಕ್ಟ್ರಾನಿಕ್ ಹಲಗೆ ಇರುತ್ತದೆ. ಅದು ಬಂದ ವಿದ್ಯುತ್ತನ್ನು ಮಾರ್ಪಡಿಸಿ, ಶಾಶ್ವತ ಆಯಸ್ಕಾಂತಗಳುಳ್ಳ ಮೋಟಾರನ್ನು ನಡೆಸುತ್ತದೆ. ಇಂತಹ ಫ್ಯಾನು ಪೂರ್ಣ ವೇಗದಲ್ಲಿ ಸಾಮಾನ್ಯವಾಗಿ 28ರಿಂದ 35 ವ್ಯಾಟ್ ಮಾತ್ರ ಬಳಸುತ್ತದೆ.

ಉಳಿತಾಯವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಫ್ಯಾನಿಗೆ 45 ವ್ಯಾಟ್ ಉಳಿದರೆ 10 ಫ್ಯಾನುಗಳಿಗೆ 450 ವ್ಯಾಟ್ ಉಳಿಯುತ್ತದೆ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 250 ದಿನ ನಡೆಸಿದರೆ 900 ಯೂನಿಟ್ ಉಳಿತಾಯ. ತಮ್ಮ ಪಂಚಾಯಿತಿಯ ವಿದ್ಯುತ್ ಬಿಲ್ಲಿನಲ್ಲಿರುವ ದರದಿಂದ ಇದನ್ನು ಗುಣಿಸಿದರೆ ಉಳಿಯುವ ಹಣ ಎಷ್ಟೆಂದು ಗೊತ್ತಾಗುತ್ತದೆ.

ಇಲ್ಲಿ ಒಂದು ಎಚ್ಚರ ಅಗತ್ಯ. ರಿಮೋಟ್ ಇರುವ ಎಲ್ಲ ಫ್ಯಾನುಗಳೂ ವಿದ್ಯುತ್ ಉಳಿಸುವುದಿಲ್ಲ. ಹಳೆಯ ಬಗೆಯ ಮೋಟಾರಿಗೇ ರಿಮೋಟ್ ಪೆಟ್ಟಿಗೆಯೊಂದನ್ನು ಜೋಡಿಸಿ ಮಾರುವುದೂ ಉಂಟು. ಅಂತಹ ಫ್ಯಾನು ಮೊದಲಿನಷ್ಟೇ ವಿದ್ಯುತ್ ಬಳಸುತ್ತದೆ. ದರಪಟ್ಟಿಯಲ್ಲಿ 'ರಿಮೋಟ್ ಫ್ಯಾನ್' ಎಂದಷ್ಟೇ ಬರೆದಿದ್ದರೆ ಸಾಲದು, ಬಿ.ಎಲ್.ಡಿ.ಸಿ. ಮೋಟಾರು ಎಂದೂ, ಎಷ್ಟು ವ್ಯಾಟ್ ಎಂದೂ ಸ್ಪಷ್ಟವಾಗಿ ಇರಬೇಕು.

3. ಖರೀದಿಗೆ ಮುನ್ನ ನೋಡತಕ್ಕ ಅಂಶಗಳು

ಸೀಲಿಂಗ್ ಫ್ಯಾನುಗಳಿಗೆ ಇಂಧನ ದಕ್ಷತೆಯ ನಕ್ಷತ್ರ ಪಟ್ಟಿಯು 2023ರ ಜನವರಿ 1ರಿಂದ ಕಡ್ಡಾಯವಾಗಿದೆ. ಫ್ಯಾನು ಒಂದು ವ್ಯಾಟಿಗೆ ಎಷ್ಟು ಗಾಳಿ ಬೀಸುತ್ತದೆ ಎಂಬುದರ ಮೇಲೆ ಈ ನಕ್ಷತ್ರಗಳನ್ನು ಕೊಡಲಾಗುತ್ತದೆ. ಸೀಲಿಂಗ್ ಫ್ಯಾನುಗಳ ಭಾರತೀಯ ಮಾನಕ ಐ.ಎಸ್. 374. ಪೆಟ್ಟಿಗೆಯ ಮೇಲೂ ಫ್ಯಾನಿನ ಮೇಲೂ ಐ.ಎಸ್.ಐ. ಗುರುತು ಇರುವುದನ್ನು ನೋಡಿಕೊಳ್ಳತಕ್ಕದ್ದು.

ಕೋಣೆಗೆ ತಕ್ಕ ಅಳತೆಯನ್ನು ಆರಿಸಬೇಕು. ಸಾಮಾನ್ಯ ಕೊಠಡಿಗೆ 1200 ಮಿಲಿಮೀಟರ್ ಫ್ಯಾನು ಬಳಕೆಯಲ್ಲಿದೆ. ಚಿಕ್ಕ ದಾಸ್ತಾನು ಕೋಣೆಗೆ 900 ಮಿಲಿಮೀಟರ್ ಸಾಕು. ದೊಡ್ಡ ಸಭಾಂಗಣದಲ್ಲಿ ಒಂದೇ ಫ್ಯಾನಿನ ವೇಗ ಹೆಚ್ಚಿಸುವುದಕ್ಕಿಂತ ಎರಡು ಮೂರು ಕಡೆ ಫ್ಯಾನು ಹಾಕುವುದು ಮೇಲು.

ರಿಮೋಟ್‌ಗಳಲ್ಲಿಯೂ ಎರಡು ಬಗೆಗಳಿವೆ. ಅವಗೆಂಪು ಕಿರಣದ ರಿಮೋಟ್ ಟಿ.ವಿ. ರಿಮೋಟ್‌ನಂತೆ ಎದುರಿಗೆ ಹಿಡಿದರೆ ಮಾತ್ರ ಕೆಲಸ ಮಾಡುತ್ತದೆ. ಒಂದೇ ಮಾದರಿಯ ನಾಲ್ಕು ಫ್ಯಾನುಗಳಿರುವ ಕೋಣೆಯಲ್ಲಿ ಒಂದು ರಿಮೋಟ್ ಒತ್ತಿದರೆ ನಾಲ್ಕೂ ತಿರುಗಬಹುದು. ರೇಡಿಯೋ ತರಂಗದ ರಿಮೋಟ್ ಒಂದೊಂದು ಫ್ಯಾನಿಗೆ ಪ್ರತ್ಯೇಕವಾಗಿ ಜೋಡಿಯಾಗುತ್ತದೆ. ಆದರೆ ಗೋಡೆಯಾಚೆಯಿಂದ ಒತ್ತಿದರೂ ಅದರ ಸಂಕೇತ ತಲುಪಬಲ್ಲದು. ಮೇಲಿನ ಸನ್ನಿವೇಶದಲ್ಲಿ ಪಕ್ಕದ ಕೋಣೆಯ ಮಗು ಗುಂಡಿ ಒತ್ತಿದಾಗ ಫ್ಯಾನು ತಿರುಗಿದ್ದು ಇದರಿಂದಲೇ. ಯಾವ ಕಟ್ಟಡಕ್ಕೆ ಯಾವ ಬಗೆ ಎಂಬುದನ್ನು ಖರೀದಿಗೆ ಮುನ್ನವೇ ತೀರ್ಮಾನಿಸಬೇಕು.

4. ಕೆಲಸ ಯಾರು ಮಾಡಬೇಕು

ವಿದ್ಯುತ್ ಜೋಡಣೆಯ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಮೂಲಕ, ಅರ್ಹತಾ ಪತ್ರವುಳ್ಳ ವೈರ್‌ಮನ್‌ನಿಂದಲೇ ಮಾಡಿಸತಕ್ಕದ್ದು. ಪಂಚಾಯಿತಿಯ ನೀರುಗಂಟಿ, ಜವಾನ ಅಥವಾ ಊರಿನ ಕೈಚಳಕದ ಹುಡುಗರಿಂದ 'ಇಷ್ಟೇ ತಾನೇ' ಎಂದು ಮಾಡಿಸಕೂಡದು. ಅವಘಡವಾದಾಗ ಪಂಚಾಯಿತಿ ಉತ್ತರಿಸಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಏಣಿ ಹತ್ತಿದ ಆ ನೌಕರನ ಮನೆಯವರು ಅದರ ಫಲವನ್ನು ಅನುಭವಿಸಬೇಕಾಗುತ್ತದೆ. ವೈರ್‌ಮನ್‌ನ ಪರವಾನಗಿಯ ಪ್ರತಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ಕಡತದಲ್ಲಿ ಇಡುವುದು ಒಳ್ಳೆಯ ಪದ್ಧತಿ.

5. ತೂಗುಹಾಕುವ ಜಾಗ: ಛಾವಣಿ ಮತ್ತು ಕೊಕ್ಕೆ

ಫ್ಯಾನು ಬೀಳುವುದಕ್ಕೆ ಕಾರಣ ಬಹುಮಟ್ಟಿಗೆ ಅದು ತೂಗುವ ಜಾಗದಲ್ಲಿರುತ್ತದೆ. ನಿಂತಿರುವಾಗ ಭಾರ ತಡೆಯುವ ಕೊಕ್ಕೆಯು ಫ್ಯಾನು ತಿರುಗುವಾಗಿನ ನಡುಕವನ್ನು ವರ್ಷಗಟ್ಟಲೆ ತಡೆಯಬೇಕಾಗುತ್ತದೆ.

ಆರ್.ಸಿ.ಸಿ. ಛಾವಣಿಯಲ್ಲಿ ಎರಕದ ಸಮಯದಲ್ಲೇ ಸಲಾಕೆಗೆ ಸಿಕ್ಕಿಸಿ ಕೂರಿಸಿದ ಕೊಕ್ಕೆ ಎಲ್ಲಕ್ಕಿಂತ ಭದ್ರ. ಹಳೆಯ ಕಟ್ಟಡದಲ್ಲಿ ಇಂತಹ ಕೊಕ್ಕೆ ಇದ್ದರೂ ಅದು ಹಾಗೆಯೇ ಉಪಯೋಗಕ್ಕೆ ಬರುತ್ತದೆಂದು ಭಾವಿಸಕೂಡದು. ಮಳೆಗಾಲದಲ್ಲಿ ಸೋರುವ ಛಾವಣಿಯಲ್ಲಿ ಕೊಕ್ಕೆಗೆ ತುಕ್ಕು ಹಿಡಿದು ತೆಳುವಾಗಿರುತ್ತದೆ. ಕೊಕ್ಕೆಯ ಸುತ್ತ ಕಂದು ಬಣ್ಣದ ಕಲೆ, ಗಾರೆಯ ಬಿರುಕು, ಉದುರಿದ ಕಾಂಕ್ರೀಟು ಕಂಡರೆ ಎಂಜಿನಿಯರ್ ನೋಡಿ ಒಪ್ಪುವವರೆಗೆ ಅಲ್ಲಿ ಫ್ಯಾನು ತೂಗುಹಾಕಕೂಡದು. ಸೋರುವ ಜಾಗದಲ್ಲಿ ನೀರು ಕೊಳವೆಯ ಗುಂಟ ಇಳಿದು ಮೋಟಾರನ್ನು ಸೇರುವುದರಿಂದ, ಮೊದಲು ಸೋರಿಕೆಯನ್ನು ನಿಲ್ಲಿಸಬೇಕು, ಫ್ಯಾನು ಆಮೇಲೆ.

ಹೆಂಚಿನ ಮನೆಯಲ್ಲಿ ಫ್ಯಾನಿನ ಭಾರ ಗಟ್ಟಿಯಾದ ಮರದ ತೊಲೆಯ ಮೇಲೆ ಬೀಳಬೇಕು. ಹೆಂಚು ಹೊರುವ ತೆಳು ರೀಪಿನ ಮೇಲಲ್ಲ. ಗೆದ್ದಲು ಹಿಡಿದ ತೊಲೆ ಮೇಲೆ ನೋಡಲು ಚೆನ್ನಾಗಿದ್ದರೂ ಒಳಗೆ ಟೊಳ್ಳಾಗಿರಬಹುದು, ತಟ್ಟಿ ನೋಡಬೇಕು. ಶೀಟಿನ ಛಾವಣಿಯಲ್ಲಿ ಕಬ್ಬಿಣದ ಅಡ್ಡ ಪೈಪಿಗೆ ಕ್ಲಾಂಪ್ ಹಾಕಿ ನಟ್ಟು, ಬೋಲ್ಟುಗಳಿಂದ ಬಿಗಿಯಬೇಕು. ಅಲಂಕಾರಕ್ಕೆ ಹಾಕಿದ ಒಳ ಛಾವಣಿಯ ಹಲಗೆಗೆ ಯಾವ ಕಾರಣಕ್ಕೂ ಫ್ಯಾನು ತೂಗುಹಾಕಕೂಡದು.

ಎತ್ತರದ ವಿಷಯದಲ್ಲಿ ರೆಕ್ಕೆಯು ನೆಲದಿಂದ ಕನಿಷ್ಠ 2.4 ಮೀಟರ್, ಎಂದರೆ ಸುಮಾರು 8 ಅಡಿ ಮೇಲಿರಬೇಕು. ರೆಕ್ಕೆಗೂ ಛಾವಣಿಗೂ ಸುಮಾರು 30 ಸೆಂಟಿಮೀಟರ್ ಅಂತರವಿದ್ದರೆ ಗಾಳಿ ಸರಿಯಾಗಿ ಬೀಸುತ್ತದೆ. ಬೀರು, ಅಟ್ಟ, ಬಾಗಿಲಿನ ಮೇಲ್ತುದಿ ಯಾವುದೂ ರೆಕ್ಕೆಯ ಸುತ್ತಿಗೆ ಸಿಗಬಾರದು. ಸಮುದಾಯ ಭವನದ ವೇದಿಕೆ ನೆಲಕ್ಕಿಂತ ಎತ್ತರದಲ್ಲಿರುವುದರಿಂದ ಅಲ್ಲಿ ಅಳತೆಯನ್ನು ವೇದಿಕೆಯ ಮೇಲಿನಿಂದಲೇ ತೆಗೆದುಕೊಳ್ಳಬೇಕು. ಇದನ್ನು ಮರೆಯುವುದು ಸಾಮಾನ್ಯ.

6. ವಿದ್ಯುತ್ ಸಂಪರ್ಕ

ಮೊದಲನೆಯದು, ಭೂಸಂಪರ್ಕ. ಹಳೆಯ ಕಟ್ಟಡಗಳಲ್ಲಿ ಫ್ಯಾನಿನ ಜಾಗಕ್ಕೆ ಎರಡೇ ತಂತಿಗಳು ಬಂದಿರುತ್ತವೆ. ಅರ್ಥಿಂಗ್ ತಂತಿ ಇರುವುದಿಲ್ಲ. ಫ್ಯಾನಿನಲ್ಲಿ ಅರ್ಥ್ ಗುರುತಿನ ತಿರುಪು ಅಥವಾ ಹಸಿರು ತಂತಿ ಇದ್ದಾಗ ಅದನ್ನು ಸುಮ್ಮನೆ ಮಡಚಿ ಬಿಡಕೂಡದು. ಹೊಸದಾಗಿ ಅರ್ಥ್ ತಂತಿ ಎಳೆದು ಜೋಡಿಸತಕ್ಕದ್ದು. ಅಂದಾಜು ಪಟ್ಟಿಯಲ್ಲಿ ಈ ಖರ್ಚನ್ನು ಮೊದಲೇ ಸೇರಿಸದಿದ್ದರೆ ಕೊನೆಯಲ್ಲಿ ಬಿಟ್ಟುಹೋಗುವ ಕೆಲಸ ಇದೇ ಆಗಿರುತ್ತದೆ.

ಎರಡನೆಯದು, ಸ್ವಿಚ್ಚಿನ ಜಾಗ. ಸ್ವಿಚ್ಚು ಫೇಸ್ ತಂತಿಯ ಮೇಲೆಯೇ ಇರಬೇಕು. ಕೆಲವೆಡೆ ತಪ್ಪಿ ನ್ಯೂಟ್ರಲ್ ತಂತಿಗೆ ಸ್ವಿಚ್ಚು ಹಾಕಿರುತ್ತಾರೆ. ಅಲ್ಲಿ ಸ್ವಿಚ್ಚು ಆರಿಸಿದರೆ ಫ್ಯಾನು ನಿಲ್ಲುತ್ತದೆ. ಆದರೆ ಅದರ ತಂತಿಯಲ್ಲಿ ವಿದ್ಯುತ್ ಹಾಗೆಯೇ ಇರುತ್ತದೆ. ಆದುದರಿಂದಲೇ ಕೆಲಸಕ್ಕೆ ಮುನ್ನ ಸ್ವಿಚ್ಚಿನ ಜೊತೆಗೆ ಎಂ.ಸಿ.ಬಿ.ಯನ್ನೂ ಇಳಿಸಿ, ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಪರೀಕ್ಷಿಸಿದ ಮೇಲೆಯೇ ಕೈ ಹಾಕಬೇಕು.

ಮೂರನೆಯದು, ಹಳೆಯ ರೆಗ್ಯುಲೇಟರ್. ಬಿ.ಎಲ್.ಡಿ.ಸಿ. ಫ್ಯಾನಿನ ವೇಗವನ್ನು ಅದರೊಳಗಿನ ಹಲಗೆಯೇ ನಿಯಂತ್ರಿಸುತ್ತದೆ. ಹಳೆಯ ರೆಗ್ಯುಲೇಟರ್‌ನ ಮೂಲಕ ವಿದ್ಯುತ್ ಕೊಟ್ಟರೆ ಫ್ಯಾನು ಸರಿಯಾಗಿ ನಡೆಯದು, ಹಲಗೆಯೂ ಕೆಡಬಹುದು. ರೆಗ್ಯುಲೇಟರನ್ನು ತೆಗೆದು ಸ್ವಿಚ್ಚಿನಿಂದ ನೇರ ಸಂಪರ್ಕ ಕೊಡಬೇಕು. ರಿಮೋಟ್ ಇದೆಯೆಂದು ಗೋಡೆಯ ಸ್ವಿಚ್ಚನ್ನೇ ತೆಗೆದುಹಾಕುವುದು ಮಾತ್ರ ದೊಡ್ಡ ತಪ್ಪು.

ನಾಲ್ಕನೆಯದು, ಕಟ್ಟಡದ ರಕ್ಷಣೆ. ಮುಖ್ಯ ಫಲಕದಲ್ಲಿ 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಇದ್ದರೆ ವಿದ್ಯುತ್ ಸೋರಿದಾಗ ಅದು ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿಯುತ್ತದೆ. ಎಂ.ಸಿ.ಬಿ. ಈ ಕೆಲಸ ಮಾಡುವುದಿಲ್ಲ; ಅದು ಹೆಚ್ಚು ಭಾರ ಮತ್ತು ಶಾರ್ಟ್ ಸರ್ಕ್ಯೂಟ್‌ನಿಂದ ತಂತಿಯನ್ನು ಕಾಪಾಡುತ್ತದೆ. ಮಕ್ಕಳಿರುವ ಕಟ್ಟಡದಲ್ಲಿ ಎರಡೂ ಬೇಕು. ಸಿಡಿಲಿನ ಸಮಯದಲ್ಲಿ ಬರುವ ಹೆಚ್ಚು ವೋಲ್ಟೇಜು ಎಲೆಕ್ಟ್ರಾನಿಕ್ ಹಲಗೆಯನ್ನು ಸುಡಬಲ್ಲದು. ಗುಡುಗು ಸಿಡಿಲಿನ ಮುನ್ಸೂಚನೆ ಇರುವಾಗ ಸಂಜೆ ಬೀಗ ಹಾಕುವ ಮುನ್ನ ಎಂ.ಸಿ.ಬಿ. ಇಳಿಸುವ ಅಭ್ಯಾಸ ಒಳ್ಳೆಯದು.

7. ಅಳವಡಿಕೆಯ ಕ್ರಮ

ಸ್ಥಳದಲ್ಲಿ ನಿಂತು ನೋಡುವ ಸದಸ್ಯರಿಗೆ ಕೆಲಸದ ಕ್ರಮ ತಿಳಿದಿದ್ದರೆ ಬಿಟ್ಟುಹೋದ ಹಂತ ಕೂಡಲೇ ಕಾಣುತ್ತದೆ.

(ಅ) ಕೋಣೆಯಿಂದ ಮಕ್ಕಳನ್ನು ಹೊರಗೆ ಕಳುಹಿಸಿ, ಎಂ.ಸಿ.ಬಿ. ಇಳಿಸಿ, 'ಕೆಲಸ ನಡೆದಿದೆ, ಏರಿಸಬೇಡಿ' ಎಂಬ ಚೀಟಿಯನ್ನು ಫಲಕಕ್ಕೆ ಅಂಟಿಸಬೇಕು.

(ಆ) ಒಣಗಿದ ಮರದ ಅಥವಾ ಫೈಬರ್ ಏಣಿಯನ್ನು ಬಳಸಬೇಕು. ಒಬ್ಬರು ಕೆಳಗೆ ಹಿಡಿದಿರಬೇಕು. ಅಲ್ಯೂಮಿನಿಯಂ ಏಣಿಯಾಗಲಿ, ಬೆಂಚಿನ ಮೇಲೆ ಕುರ್ಚಿ ಇಟ್ಟು ಹತ್ತುವುದಾಗಲಿ ಕೂಡದು.

(ಇ) ಕೊಳವೆಯನ್ನು ಮೋಟಾರಿಗೆ ಸೇರಿಸುವ ಬೋಲ್ಟಿಗೆ ನಟ್ಟು ಹಾಕಿದ ಮೇಲೆ ಸ್ಪ್ಲಿಟ್ ಪಿನ್ ತೂರಿಸಿ ಅದರ ಎರಡು ಕಾಲುಗಳನ್ನು ಅಗಲಿಸಿ ಬಾಗಿಸಬೇಕು. ಫ್ಯಾನಿನ ನಡುಕಕ್ಕೆ ನಟ್ಟು ಸಡಿಲವಾದರೂ ಬೋಲ್ಟು ಜಾರದಂತೆ ತಡೆಯುವುದು ಈ ಪಿನ್. ಮೇಲ್ತುದಿಯಲ್ಲಿ ಕೊಕ್ಕೆಗೆ ಸಿಕ್ಕಿಸುವ ಕಡೆಯೂ ಹೀಗೆಯೇ. ಅಲ್ಲಿ ಇರುವ ರಬ್ಬರ್ ರೀಲನ್ನು ಬಿಡಕೂಡದು.

(ಈ) ಫ್ಯಾನಿನ ಜೊತೆ ಸುರಕ್ಷತಾ ಉಕ್ಕಿನ ಹಗ್ಗ ಬಂದಿದ್ದರೆ ಅದನ್ನು ಕಟ್ಟಲೇಬೇಕು. ಕೊಳವೆಯ ಜೋಡಣೆ ತಪ್ಪಿದರೂ ಫ್ಯಾನನ್ನು ಹಿಡಿದು ನಿಲ್ಲಿಸುವುದು ಇದೇ.

(ಉ) ತಂತಿಗಳನ್ನು ಕನೆಕ್ಟರ್‌ನಲ್ಲಿ ಬಿಗಿದು, ತಾಮ್ರದ ಎಳೆ ಹೊರಗೆ ಕಾಣದಂತೆ ನೋಡಬೇಕು. ಬರಿಯ ತಂತಿಯನ್ನು ಹೆಣೆದು ಟೇಪು ಸುತ್ತಿ ಬಿಡುವುದು ಸಲ್ಲದು.

(ಊ) ರೆಕ್ಕೆಗಳು ತೂಕ ಹೊಂದಿಸಿದ ಜೊತೆಗಳಾಗಿ ಬಂದಿರುತ್ತವೆ. ಹತ್ತು ಪೆಟ್ಟಿಗೆಗಳನ್ನು ಒಟ್ಟಿಗೆ ಬಿಚ್ಚಿ ಒಂದರ ರೆಕ್ಕೆಯನ್ನು ಇನ್ನೊಂದಕ್ಕೆ ಹಾಕಿದರೆ ಫ್ಯಾನು ಓಲಾಡುತ್ತದೆ.

(ಋ) ಎಲ್ಲವೂ ಮುಗಿದ ಮೇಲೆ ಕಡಿಮೆ ವೇಗದಿಂದ ಆರಂಭಿಸಿ ಪೂರ್ಣ ವೇಗದವರೆಗೆ ಸ್ವಲ್ಪ ಹೊತ್ತು ಓಡಿಸಿ, ಓಲಾಟ, ಶಬ್ದ, ಸುಟ್ಟ ವಾಸನೆ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

8. ರಿಮೋಟ್ ಜೋಡಣೆ ಮತ್ತು ಅದರ ಸೆಲ್

ರೇಡಿಯೋ ತರಂಗದ ರಿಮೋಟನ್ನು ಫ್ಯಾನಿಗೆ ಪರಿಚಯಿಸಬೇಕಾಗುತ್ತದೆ. ಸಾಮಾನ್ಯವಾಗಿ ಗೋಡೆಯ ಸ್ವಿಚ್ಚು ಹಾಕಿದ ಕೆಲವು ಸೆಕೆಂಡುಗಳೊಳಗೆ ಕೈಪಿಡಿಯಲ್ಲಿ ತಿಳಿಸಿದ ಗುಂಡಿಯನ್ನು ಒತ್ತಿ ಹಿಡಿದರೆ ಫ್ಯಾನು ಸದ್ದು ಮಾಡಿ ಅಥವಾ ದೀಪ ಮಿನುಗಿಸಿ ಒಪ್ಪಿಗೆ ಸೂಚಿಸುತ್ತದೆ. ಯಾವ ಗುಂಡಿ, ಎಷ್ಟು ಹೊತ್ತು ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಒಂದು ಫ್ಯಾನನ್ನು ಜೋಡಿಸುವಾಗ ಉಳಿದ ಫ್ಯಾನುಗಳ ಸ್ವಿಚ್ಚು ಆರಿರಬೇಕು. ಇಲ್ಲವಾದರೆ ಒಂದೇ ರಿಮೋಟ್‌ಗೆ ಎರಡು ಫ್ಯಾನು ಸೇರಬಹುದು. ಆಯಾ ರಿಮೋಟ್‌ನ ಹಿಂಬದಿಗೆ ಫ್ಯಾನಿನ ಸಂಖ್ಯೆಯನ್ನು ಬರೆದು ಅಂಟಿಸುವುದು ಉಪಯುಕ್ತ.

ವಿದ್ಯುತ್ ಹೋಗಿ ಬಂದಾಗ ಫ್ಯಾನು ಏನು ಮಾಡುತ್ತದೆಂಬುದನ್ನು ಅಂದೇ ಪರೀಕ್ಷಿಸಬೇಕು. ಕೆಲವು ಮಾದರಿಗಳು ಮೊದಲಿದ್ದ ವೇಗದಲ್ಲಿ ತಾವಾಗಿಯೇ ತಿರುಗತೊಡಗುತ್ತವೆ. ಇದು ಅನುಕೂಲವೂ ಹೌದು, ಅಪಾಯವೂ ಹೌದು. ಕರೆಂಟು ಹೋಗಿದೆಯೆಂದು ಧೂಳು ಒರೆಸಲು ಹತ್ತಿದವರಿಗೆ ಕರೆಂಟು ಬಂದ ಕ್ಷಣವೇ ಪೆಟ್ಟಾಗಬಹುದು.

ಕೆಲವು ರಿಮೋಟ್‌ಗಳಲ್ಲಿ ನಾಣ್ಯದಂತಹ ಚಪ್ಪಟೆ ಸೆಲ್ ಇರುತ್ತದೆ. ಅಂಗನವಾಡಿಯ ಮಟ್ಟಿಗೆ ಇದು ಫ್ಯಾನಿಗಿಂತಲೂ ಹೆಚ್ಚು ಅಪಾಯಕಾರಿ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ತೀವ್ರ ಸುಟ್ಟ ಗಾಯವಾಗಬಲ್ಲದು. ನುಂಗಿದ ಸಂಶಯ ಬಂದರೂ ಸಾಕು, ವಾಂತಿ ಮಾಡಿಸದೆ, ಕಾದು ನೋಡದೆ, ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಬೇಕು. ಆದುದರಿಂದ ಅಂಗನವಾಡಿಗೆ ಕೊಳ್ಳುವಾಗ ಪೆನ್ಸಿಲ್ ಸೆಲ್ ಬಳಸುವ, ಮುಚ್ಚಳಕ್ಕೆ ತಿರುಪು ಇರುವ ರಿಮೋಟ್ ಇರುವ ಮಾದರಿಯನ್ನೇ ಆರಿಸುವುದು ಉತ್ತಮ. ಬಗೆ ಯಾವುದೇ ಆಗಲಿ, ರಿಮೋಟನ್ನು ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಗೋಡೆಗೆ ಬಿಗಿದ ಗೂಡಿನಲ್ಲಿ ಇಡತಕ್ಕದ್ದು. ಮುಗಿದ ಸೆಲ್‌ಗಳನ್ನು ಕಸದ ಬುಟ್ಟಿಗೆ ಎಸೆಯದೆ ಪ್ರತ್ಯೇಕ ಡಬ್ಬಿಯಲ್ಲಿ ಇಟ್ಟು, ಕಟ್ಟಡದಿಂದ ಸಾಗಿಸಬೇಕು.

9. ನಿರ್ವಹಣೆ

ವರ್ಷಕ್ಕೆ ಎರಡು ಬಾರಿ, ಬೇಸಿಗೆಗೆ ಮುನ್ನ ಒಮ್ಮೆ ಮತ್ತು ಮಳೆಗಾಲ ಮುಗಿದ ಮೇಲೆ ಒಮ್ಮೆ, ವೈರ್‌ಮನ್‌ನಿಂದ ಕೊಕ್ಕೆ, ಪಿನ್, ನಟ್ಟು ಮತ್ತು ತಂತಿಗಳ ತಪಾಸಣೆ ನಡೆಸಿ ವಹಿಯಲ್ಲಿ ದಾಖಲಿಸುವುದು ಒಳಿತು. ಮೊದಲಿಲ್ಲದ ಓಲಾಟ ಅಥವಾ ಶಬ್ದ ಹೊಸದಾಗಿ ಕಾಣಿಸಿಕೊಂಡರೆ ಅದನ್ನು ಎಚ್ಚರಿಕೆಯೆಂದು ತಿಳಿದು ಅಂದೇ ಫ್ಯಾನನ್ನು ನಿಲ್ಲಿಸಿ, ಅದರ ಕೆಳಗೆ ಮಕ್ಕಳನ್ನು ಕೂರಿಸದಿರಬೇಕು.

ಪ್ರತಿ ಕಟ್ಟಡದಲ್ಲಿ ಸ್ವಿಚ್ಚಿನ ಪಕ್ಕದಲ್ಲಿ ದೊಡ್ಡ ಅಕ್ಷರದಲ್ಲಿ ಈ ಸೂಚನೆಯನ್ನು ಬರೆಸಬಹುದು: 'ರಿಮೋಟ್‌ನಿಂದ ನಿಲ್ಲಿಸಿದ ಫ್ಯಾನಿನಲ್ಲಿ ವಿದ್ಯುತ್ ಇರುತ್ತದೆ. ಒರೆಸುವ ಮುನ್ನ ಸ್ವಿಚ್ಚು ಆರಿಸಿ, ಎಂ.ಸಿ.ಬಿ. ಇಳಿಸಿರಿ.' ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು ಮತ್ತು ಅರಿವು ಕೇಂದ್ರದ ಮೇಲ್ವಿಚಾರಕರಿಗೆ ಇದನ್ನು ಬಾಯಿಮಾತಿನಲ್ಲೂ ತಿಳಿಸಿ, ಎಂ.ಸಿ.ಬಿ. ಯಾವುದೆಂದು ತೋರಿಸಿಕೊಡಬೇಕು.

10. ಅವಘಡ ಸಂಭವಿಸಿದಲ್ಲಿ

ಯಾರಿಗಾದರೂ ವಿದ್ಯುತ್ ತಗುಲಿದರೆ ಅವರನ್ನು ಬರಿಗೈಯಿಂದ ಮುಟ್ಟಕೂಡದು. ಮೊದಲು ಎಂ.ಸಿ.ಬಿ. ಇಳಿಸಬೇಕು. ಅದು ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಬೇಕು. ಕೂಡಲೇ 108ಕ್ಕೆ ಕರೆ ಮಾಡಿ, ಉಸಿರಾಟ ನಿಂತಿದ್ದರೆ ತರಬೇತಿ ಪಡೆದವರು ಎದೆ ಒತ್ತುವ ಪ್ರಥಮ ಚಿಕಿತ್ಸೆ ನೀಡುತ್ತಿರಬೇಕು. ವಿದ್ಯುತ್ ಅವಘಡವನ್ನು ಮುಚ್ಚಿಡುವಂತಿಲ್ಲ. 2003ರ ವಿದ್ಯುತ್ ಕಾಯ್ದೆಯ 161ನೆಯ ಕಲಮು ಇಂತಹ ಅವಘಡಗಳ ಸೂಚನೆ ಮತ್ತು ವಿಚಾರಣೆಯ ಬಗ್ಗೆ ಹೇಳುತ್ತದೆ. ಕಂಬದಿಂದ ಬರುವ ಸರಬರಾಜಿನ ದೋಷವಾದರೆ 1912ಕ್ಕೆ ದೂರು ನೀಡಬಹುದು.

11. ಬಿಲ್ಲಿಗೆ ಅನುಮೋದನೆ ನೀಡುವ ಮುನ್ನ ಪರಿಶೀಲನಾ ಪಟ್ಟಿ

1. ಬಿಲ್ಲಿನಲ್ಲಿರುವ ಮಾದರಿ, ವ್ಯಾಟ್ ಮತ್ತು ಸಂಖ್ಯೆ ಸ್ಥಳದಲ್ಲಿರುವ ಫ್ಯಾನುಗಳಿಗೆ ತಾಳೆಯಾಗಿವೆಯೇ?
2. ಐ.ಎಸ್.ಐ. ಗುರುತು ಮತ್ತು ನಕ್ಷತ್ರ ಪಟ್ಟಿ ಇವೆಯೇ?
3. ಕೆಲಸ ಮಾಡಿದವರ ಪರವಾನಗಿ ಪ್ರತಿ ಕಡತದಲ್ಲಿದೆಯೇ?
4. ಕೊಕ್ಕೆ ಅಥವಾ ತೊಲೆಯನ್ನು ಎಂಜಿನಿಯರ್ ಪರಿಶೀಲಿಸಿದ್ದಾರೆಯೇ?
5. ಮೇಲಿನ ಬಟ್ಟಲನ್ನು ಇಳಿಸಿ ಸ್ಪ್ಲಿಟ್ ಪಿನ್ ಮತ್ತು ಸುರಕ್ಷತಾ ಹಗ್ಗವನ್ನು ತೋರಿಸಿದ್ದಾರೆಯೇ?
6. ಅರ್ಥ್ ತಂತಿ ಜೋಡಿಸಲಾಗಿದೆಯೇ? ಹಳೆಯ ರೆಗ್ಯುಲೇಟರ್ ತೆಗೆಯಲಾಗಿದೆಯೇ?
7. ರೆಕ್ಕೆ ನೆಲದಿಂದ 2.4 ಮೀಟರ್ ಮೇಲಿದೆಯೇ?
8. ಖಾತರಿ ಪತ್ರ, ಕೈಪಿಡಿ ಮತ್ತು ರಿಮೋಟ್‌ಗಳು ದಾಸ್ತಾನು ವಹಿಯಲ್ಲಿ ದಾಖಲಾಗಿವೆಯೇ? ತೆಗೆದ ಹಳೆಯ ಫ್ಯಾನುಗಳ ಲೆಕ್ಕ ಇದೆಯೇ?

ಐದನೆಯ ಅಂಶದ ಬಗ್ಗೆ ಒಂದು ಮಾತು. ಮೇಲಿನ ಬಟ್ಟಲು ಮುಚ್ಚಿದ ಮೇಲೆ ಪಿನ್ ಇದೆಯೋ ಇಲ್ಲವೋ ಕೆಳಗಿನಿಂದ ಕಾಣುವುದಿಲ್ಲ. ಕೆಲವೇ ರೂಪಾಯಿ ಬೆಲೆಯ ಈ ಪಿನ್ ಇಲ್ಲದೆಯೂ ಫ್ಯಾನು ತಿರುಗುತ್ತದೆ, ಗಾಳಿ ಬೀಸುತ್ತದೆ, ಬಿಲ್ಲೂ ಸರಿಯಾಗಿಯೇ ಕಾಣುತ್ತದೆ. ಆದುದರಿಂದ ಬಟ್ಟಲು ಮುಚ್ಚುವ ಮುನ್ನವೇ ಪ್ರತಿ ಫ್ಯಾನಿನ ಛಾಯಾಚಿತ್ರ ತೆಗೆದು ಬಿಲ್ಲಿನ ಜೊತೆ ಲಗತ್ತಿಸುವಂತೆ ಗುತ್ತಿಗೆದಾರರಿಗೆ ಕಾರ್ಯಾದೇಶದಲ್ಲೇ ತಿಳಿಸುವುದು ಸೂಕ್ತ.

12. ಚರ್ಚೆಗೆ ಪ್ರಶ್ನೆಗಳು

(ಅ) ತಮ್ಮ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಅಂಗನವಾಡಿಗಳಲ್ಲಿ ಅರ್ಥಿಂಗ್ ಮತ್ತು ಆರ್.ಸಿ.ಸಿ.ಬಿ. ಎಷ್ಟು ಕಡೆ ಇವೆ?
(ಆ) ಛಾವಣಿ ಸೋರುವ ಕಟ್ಟಡಗಳಲ್ಲಿ ಈಗ ತಿರುಗುತ್ತಿರುವ ಫ್ಯಾನುಗಳ ಕೊಕ್ಕೆಯನ್ನು ಕಡೆಯದಾಗಿ ಯಾರು, ಯಾವಾಗ ನೋಡಿದರು?
(ಇ) ಫ್ಯಾನಿನ ಬೆಲೆಯ ಜೊತೆಗೆ ತಂತಿ, ಅರ್ಥಿಂಗ್ ಮತ್ತು ವಾರ್ಷಿಕ ತಪಾಸಣೆಯ ಖರ್ಚನ್ನು ಕ್ರಿಯಾ ಯೋಜನೆಯಲ್ಲಿ ಸೇರಿಸುವುದು ಹೇಗೆ?
(ಈ) ಕಟ್ಟಡ ಒರೆಸುವ ಸಿಬ್ಬಂದಿಗೆ ಎಂ.ಸಿ.ಬಿ. ಇಳಿಸುವುದನ್ನು ಯಾರು, ಎಂದು ತೋರಿಸಿಕೊಡುವರು?

ಈ ಪ್ರಶ್ನೆಗಳನ್ನು ಮುಂದಿನ ಸಾಮಾನ್ಯ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸಿ, ಉತ್ತರಗಳನ್ನು ನಡಾವಳಿಯಲ್ಲಿ ದಾಖಲಿಸಿದರೆ ಪಾಠದ ಉದ್ದೇಶ ನೆರವೇರಿದಂತಾಗುತ್ತದೆ.